ಮಗುಚಿದ ಹಡಗನ್ನು ನೆಟ್ಟಗೆ ನಿಲ್ಲಿಸಲು ಏನೇನು ಬೇಕು?

2025ರ ಮೇ 25ರ ಬೆಳಗ್ಗೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೈನರ್ ಹಡಗು ಕೇರಳದ ಕಡಲಲ್ಲಿ ಮುಳುಗಿತು. ವಿಝಿಂಜಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ, 184 ಮೀಟರ್ ಉದ್ದದ ಈ ಹಡಗು ಹಿಂದಿನ ಮಧ್ಯಾಹ್ನವೇ ಬಲಕ್ಕೆ 26 ಡಿಗ್ರಿಯಷ್ಟು ವಾಲಿತ್ತು. ಸಿಬ್ಬಂದಿ 24 ಜನರೂ ಬದುಕಿ ಬಂದರು. ಹಡಗಿನಲ್ಲಿ 640 ಕಂಟೈನರುಗಳಿದ್ದವು. ಟ್ಯಾಂಕುಗಳಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಆ ವಾರ ಮಲೆನಾಡಿನ ಸಾಗರ ಪಟ್ಟಣದ ಹೋಟೆಲುಗಳಲ್ಲಿ ಪೇಪರ್ ಓದುತ್ತಾ ಕೂತವರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಅಷ್ಟು ದೊಡ್ಡ ಕ್ರೇನ್ ಇರ್ತಾವಲ್ಲ ಮಾರಾಯ್ರೆ, ಎತ್ತಿ ನಿಲ್ಸಕ್ಕೆ ಏನು ಕಷ್ಟ?’

ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಕ್ರೇನಿನ ಮಾತು ಬರುವ ಹೊತ್ತಿಗೆ ಕೆಲಸ ಮುಕ್ಕಾಲು ಪಾಲು ಕೈತಪ್ಪಿರುತ್ತದೆ. ವಾಲಿದ ಹಡಗು ಇನ್ನೂ ತೇಲುತ್ತಿದ್ದರೆ ಅದನ್ನು ಪಂಪು, ಟಗ್ಗು (ಎಳೆಹಡಗು) ಮತ್ತು ಲೆಕ್ಕ ಬಲ್ಲ ನಾಲ್ಕು ಜನರಿಂದ ಉಳಿಸಬಹುದು. ಅದೇ ಹಡಗು ತಳ ಸೇರಿತೆಂದರೆ ವರ್ಷಗಟ್ಟಲೆ ಸಮಯ, ಸಾವಿರಾರು ಕೋಟಿ ಹಣ. ಎಲ್ಸಾ ವಾಲಿದ ಸುದ್ದಿ ಬಂದದ್ದಕ್ಕೂ ಅದು ಮುಳುಗಿದ್ದಕ್ಕೂ ನಡುವೆ ಪೂರ್ತಿ ಒಂದು ದಿನ ಕೂಡ ಇರಲಿಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಸುಮಾರು 300 ಕಿಲೋಮೀಟರ್ ಕಡಲತೀರದಲ್ಲಿ ಹೀಗಾದರೆ ಆ ಒಂದು ದಿನವನ್ನು ಬಳಸಿಕೊಳ್ಳುವ ತಯಾರಿ ಇರಬೇಕು ಎಂಬುದೇ ನನ್ನ ವಾದ. ಘಟ್ಟದ ಮೇಲಿನ ನಮಗೂ ಇದರಲ್ಲಿ ಪಾಲಿದೆ. ಮಲೆನಾಡಿನ ಕಾಫಿ ಹೊರದೇಶಕ್ಕೆ ಹೋಗುವುದು, ಹೊರಗಿನ ಗೊಬ್ಬರ ಮತ್ತು ಅಡುಗೆ ಅನಿಲ ಒಳಗೆ ಬರುವುದು ನವಮಂಗಳೂರು ಬಂದರಿನ ಮೂಲಕ. ನಮ್ಮ ಸಂತೆಗಳಿಗೆ ಮೀನು ಬರುವುದು ಹೊನ್ನಾವರ, ಭಟ್ಕಳದ ಕಡೆಯಿಂದ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಕಡಲು ಸೇರುವುದೂ ಹೊನ್ನಾವರದಲ್ಲೇ.

ಮೊದಲು, ಹಡಗು ಯಾಕೆ ಮಗುಚುತ್ತದೆ? ಹೊಳೆಬಾಗಿಲಿನ ಲಾಂಚು ಹತ್ತಿದವರಿಗೆ ಇದರ ಅರ್ಧ ಗೊತ್ತೇ ಇದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವ ತನಕ ತುಮರಿಗೆ, ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರು ದಾಟುತ್ತಿದ್ದದ್ದು ಆ ಲಾಂಚಿನಲ್ಲಿ. ಬಸ್ಸು, ಕಾರು, ಜನ ಎಲ್ಲ ಒಂದೇ ಡೆಕ್ಕಿನ ಮೇಲೆ. ಯಾವ ಗಾಡಿ ಎಲ್ಲಿ ನಿಲ್ಲಬೇಕು ಎಂದು ಸಿಬ್ಬಂದಿ ಕೂಗಿ ಹೇಳುತ್ತಿದ್ದರು. ಭಾರವೆಲ್ಲ ಒಂದು ಬದಿಗೆ ಬೀಳದಂತೆ ನೋಡಿಕೊಳ್ಳುವ ಆ ಕೆಲಸವನ್ನೇ ಕಡಲ ಹಡಗಿನಲ್ಲಿ ಮುಖ್ಯ ಅಧಿಕಾರಿ ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಾನೆ.

ಹಡಗಿನ ಒಟ್ಟು ಭಾರ ಗುರುತ್ವ ಕೇಂದ್ರದಿಂದ ಕೆಳಕ್ಕೆ ಎಳೆಯುತ್ತದೆ. ನೀರು ಹಡಗನ್ನು ಮೇಲಕ್ಕೆ ತಳ್ಳುವುದು ಮುಳುಗಿರುವ ಭಾಗದ ನಡುವಿನಿಂದ. ಹಡಗು ಒಂದು ಕಡೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ, ನೀರಿನ ತಳ್ಳುವ ಬಲವೂ ಆ ಬದಿಗೆ ಸರಿದು ಹಡಗನ್ನು ಮತ್ತೆ ನೆಟ್ಟಗಾಗಿಸುತ್ತದೆ. ಹೀಗಾಗಲು ಗುರುತ್ವ ಕೇಂದ್ರ ಒಂದು ಎತ್ತರಕ್ಕಿಂತ ಕೆಳಗಿರಬೇಕು. ಆ ಎತ್ತರದ ಬಿಂದುವಿಗೆ ಮೆಟಾಸೆಂಟರ್ ಎನ್ನುತ್ತಾರೆ. ಫ್ರಾನ್ಸಿನ ಪಿಯರ್ ಬೂಗೆ 1746ರಲ್ಲೇ ಇದನ್ನು ವಿವರಿಸಿದ್ದ. ಡೆಕ್ಕಿನ ಮೇಲೆ ಕಂಟೈನರ್ ಪೇರಿಸುತ್ತಾ ಹೋದಂತೆ ಗುರುತ್ವ ಕೇಂದ್ರ ಮೇಲೇರುತ್ತದೆ. ಅದನ್ನು ಕೆಳಗೆ ಹಿಡಿದಿಡಲು ತಳದ ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬುತ್ತಾರೆ. ಇದೇ ಬ್ಯಾಲಸ್ಟ್ ನೀರು. ಟ್ಯಾಂಕು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧ ತುಂಬಿದ ಟ್ಯಾಂಕಿನ ನೀರು ಹಡಗು ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಬಂದರಿನ ಬಾಯಲ್ಲಿ ನಡೆದದ್ದು ಸಾಕ್ಷಿ. 2019ರ ಸೆಪ್ಟೆಂಬರ್ 8ರಂದು ಸುಮಾರು 4,200 ವಾಹನ ಹೊತ್ತ ಗೋಲ್ಡನ್ ರೇ ಹಡಗು ಬಂದರು ಬಿಟ್ಟು ತಿರುವು ತೆಗೆದುಕೊಳ್ಳುವಾಗಲೇ ಮಗುಚಿತು. ಸ್ಥಿರತೆಯ ಲೆಕ್ಕ ಹಾಕುವ ಕಂಪ್ಯೂಟರಿಗೆ ಬ್ಯಾಲಸ್ಟ್ ನೀರಿನ ಪ್ರಮಾಣವನ್ನು ತಪ್ಪಾಗಿ ತುಂಬಿದ್ದೇ ಕಾರಣವೆಂದು ತನಿಖೆ ಹೇಳಿತು. ಬಿರುಗಾಳಿ ಇರಲಿಲ್ಲ, ಬಂಡೆ ಬಡಿಯಲಿಲ್ಲ.

ನಮ್ಮ ಕರಾವಳಿಯ ಕಥೆಯಲ್ಲಿ ಮಳೆಯೂ ಸೇರಿಕೊಳ್ಳುತ್ತದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಸರಕಾದ ಕಬ್ಬಿಣದ ಅದಿರು ಹೋದದ್ದು ಮಲೆನಾಡಿನ ಘಟ್ಟ ಇಳಿದು. ಕುದುರೆಮುಖದ ಮ್ಯಾಗ್ನೆಟೈಟ್ ಅದಿರು ಹಿಂದೆ ನೀರಿನೊಂದಿಗೆ ಬೆರೆತು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಯುತ್ತಿತ್ತು. 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು. ಅದೇ ಹೊತ್ತಿಗೆ ಬಳ್ಳಾರಿ–ಹೊಸಪೇಟೆಯ ಅದಿರಿಗೆ ಚೀನಾದಿಂದ ಬೇಡಿಕೆ ಏರಿತ್ತು. 2006ರಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ಸರಕು ಸಾಗಣೆಗೆ ಮತ್ತೆ ತೆರೆಯಿತು. ಅದಿರಿನ ಪುಡಿ ಮಂಗಳೂರಿನಲ್ಲಿ ಬಯಲಿನಲ್ಲೇ ರಾಶಿ ಬಿದ್ದು, ಮಳೆಗಾಲದಲ್ಲಿ ನೆನೆದು, ಹಾಗೇ ಹಡಗಿನ ಹೊಟ್ಟೆ ಸೇರುತ್ತಿತ್ತು.

ನೆನೆದ ಅದಿರಿನ ಪುಡಿ ನೋಡುವುದಕ್ಕೆ ಗಟ್ಟಿ ರಾಶಿ. ಕಣಗಳ ನಡುವೆ ಮಾತ್ರ ನೀರು ಸಿಕ್ಕಿಬಿದ್ದಿರುತ್ತದೆ. ಎಂಜಿನ್ನಿನ ಅದುರು, ಅಲೆಯ ತೂಗಾಟ ಗಂಟೆಗಟ್ಟಲೆ ನಡೆದಾಗ ಕಣಗಳು ಒತ್ತೊತ್ತಾಗಿ ಕುಸಿಯುತ್ತವೆ, ನೀರಿಗೆ ಜಾಗ ಸಾಲದೆ ಒತ್ತಡ ಏರುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತವೆ. ಆಗ ಸಾವಿರಾರು ಟನ್ ಅದಿರು ದ್ರವದಂತೆ ಒಂದು ಬದಿಗೆ ಹರಿಯುತ್ತದೆ. ಹಡಗು ಮರಳಿ ಇನ್ನೊಂದು ಬದಿಗೆ ವಾಲಿದಾಗ ಅದು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು ಹರಿಯುತ್ತದೆ. 2009ರ ಜುಲೈನಲ್ಲಿ ಮಂಗಳೂರಿನಾಚೆ ಏಷ್ಯನ್ ಫಾರೆಸ್ಟ್ ಎಂಬ ಹಡಗು ಅದಿರಿನ ಸಮೇತ ಹೀಗೇ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆ ಪಾರು ಮಾಡಿತು. ಎರಡೇ ತಿಂಗಳಲ್ಲಿ ಒಡಿಶಾದ ಪಾರಾದೀಪ್ ಬಳಿ ಬ್ಲ್ಯಾಕ್ ರೋಸ್ ಅದೇ ಸರಕು ಹೊತ್ತು ಮುಳುಗಿತು. ಅದಕ್ಕೂ ಮುಂಚೆ, 2007ರ ಮಳೆಗಾಲದಲ್ಲಿ ಡೆನ್ ಡೆನ್ ಮತ್ತು ಚಾಂಗ್ ಲೆ ಮೆನ್ ಎಂಬ ಎರಡು ಹಡಗುಗಳನ್ನು ನವಮಂಗಳೂರು ಬಂದರಿನ ಎದುರಿನ ಕಡಲು ನುಂಗಿತ್ತು.

ಇದನ್ನು ತಡೆಯುವ ಪರೀಕ್ಷೆ ಎಷ್ಟು ಸರಳ ಎಂದು ತಿಳಿದಾಗ ಹೊಟ್ಟೆ ಉರಿಯುತ್ತದೆ. ಒಂದು ಡಬ್ಬಿಯಲ್ಲಿ ಅರ್ಧಕ್ಕೆ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಜಿನುಗಿದರೆ ಆ ಸರಕಿನ ಬಗ್ಗೆ ಅನುಮಾನ ಪಡಬೇಕು, ಪ್ರಯೋಗಾಲಯಕ್ಕೆ ಕಳಿಸಬೇಕು. ತೇವಾಂಶಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾದದ್ದು 2011ರ ಜನವರಿ 1ರಿಂದ. ನಮ್ಮ ಕಡಲಿನ ಆ ಹಡಗುಗಳು ಅದಕ್ಕೂ ಮೊದಲೇ ತಳ ಸೇರಿದ್ದವು.

ಹಡಗು ವಾಲಿದೆ, ಇನ್ನೂ ತೇಲುತ್ತಿದೆ ಎಂದಿಟ್ಟುಕೊಳ್ಳಿ. ಈಗ ಮಾಡಬೇಕಾದದ್ದು ಏನು? 2006ರ ಜುಲೈನಲ್ಲಿ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ದಕ್ಷಿಣಕ್ಕೆ ಕೂಗರ್ ಏಸ್ ಎಂಬ ಹಡಗು ಬ್ಯಾಲಸ್ಟ್ ನೀರು ಬದಲಿಸುವಾಗ 60 ಡಿಗ್ರಿಯಷ್ಟು ವಾಲಿ ಮಲಗಿಬಿಟ್ಟಿತು. ಒಳಗೆ 4,700ಕ್ಕೂ ಹೆಚ್ಚು ಮಜ್ದಾ ಕಾರುಗಳು. ಸಿಬ್ಬಂದಿ 23 ಜನರನ್ನು ಹೆಲಿಕಾಪ್ಟರಿನಲ್ಲಿ ಇಳಿಸಿಕೊಂಡರು. ಸಾಲ್ವೇಜ್ ತಂಡ, ಅಂದರೆ ಅವಘಡಕ್ಕೆ ಸಿಕ್ಕ ಹಡಗನ್ನು ಉಳಿಸುವವರ ತಂಡ, ಹಗ್ಗ ಹಿಡಿದು, ಗೋಡೆಯಂತೆ ನಿಂತಿದ್ದ ಡೆಕ್ಕುಗಳ ಮೇಲೆ ಇಳಿಯಿತು. ಆ ಕೆಲಸದಲ್ಲಿ ಹಡಗಿನ ಸ್ಥಿರತೆಯ ಲೆಕ್ಕ ಹಾಕಬೇಕಿದ್ದ ಇಂಜಿನಿಯರೇ ಜಾರಿ ಬಿದ್ದು ತೀರಿಕೊಂಡರು. ಉಳಿದವರು ಕೆಲಸ ಬಿಡಲಿಲ್ಲ. ಯಾವ ಟ್ಯಾಂಕಿನಿಂದ ಎಷ್ಟು ನೀರು ತೆಗೆಯಬೇಕು, ಎಲ್ಲಿಗೆ ತುಂಬಬೇಕು ಎಂದು ಲೆಕ್ಕ ಹಾಕಿ, ಪಂಪು ನಡೆಸಿ, ಸ್ವಲ್ಪ ಸ್ವಲ್ಪವೇ ಹಡಗನ್ನು ಎಬ್ಬಿಸಿದರು. ದೈತ್ಯ ಕ್ರೇನ್ ಬೇಕಾಗಲಿಲ್ಲ. ಪಂಪಿನ ಗಡಿಬಿಡಿಯಲ್ಲಿ ಒಂದು ಟ್ಯಾಂಕು ಹೆಚ್ಚು ಖಾಲಿಯಾಗಿದ್ದರೂ ಹಡಗು ಇನ್ನೊಂದು ಬದಿಗೆ ಮಗುಚುವ ಅಪಾಯವಿತ್ತು. ಕಾರುಗಳನ್ನು ಕಂಪನಿ ಮಾರಲಿಲ್ಲ, ಅಷ್ಟನ್ನೂ ನಾಶ ಮಾಡಿತು. ಆದರೆ ಹಡಗು ಉಳಿಯಿತು, ಇಂಧನ ದೊಡ್ಡ ಪ್ರಮಾಣದಲ್ಲಿ ಕಡಲಿಗೆ ಹರಿಯಲಿಲ್ಲ.

ಇಂಧನದ ಮಾತು ಮೊದಲು ಬರಬೇಕಾದದ್ದು. ಯಾವ ಸಾಲ್ವೇಜ್ ತಂಡವೂ ಸಾಧ್ಯವಾದರೆ ಮೊದಲು ಎಣ್ಣೆ ತೆಗೆಯುತ್ತದೆ, ಆಮೇಲೆ ಹಡಗನ್ನು ಅಲುಗಿಸುತ್ತದೆ. ಮುಳುಗಿದ ಹಡಗಾದರೆ ಮುಳುಗುಗಾರರು ಟ್ಯಾಂಕಿನ ಹೊರಗೋಡೆಗೆ ವಾಲ್ವ್ ಜೋಡಿಸಿ, ಆ ವಾಲ್ವಿನ ಒಳಗಿನಿಂದಲೇ ಉಕ್ಕನ್ನು ಕೊರೆದು, ಒಂದು ಹನಿಯೂ ಸೋರದಂತೆ ಪೈಪ್ ಹಾಕುತ್ತಾರೆ. ಫರ್ನೇಸ್ ಆಯಿಲ್ ತಣ್ಣೀರಿನಲ್ಲಿ ಮಂದವಾಗಿ ಹೆಪ್ಪುಗಟ್ಟಿರುತ್ತದೆ. ಬಿಸಿ ಮಾಡದೆ ಮೇಲೆ ಬಾರದು. ಎಲ್ಸಾ ಮಲಗಿರುವುದು ಸುಮಾರು 50 ಮೀಟರ್ ಆಳದಲ್ಲಿ. ಮಾಮೂಲಿ ಗಾಳಿ ಉಸಿರಾಡಿಕೊಂಡು ಕೆಲಸ ಮಾಡುವ ಮುಳುಗುಗಾರರಿಗೆ ಅದು ಕೊನೆಯ ಗಡಿ. ಅದರಾಚೆ ಹೀಲಿಯಂ ಬೆರೆಸಿದ ಅನಿಲ ಬೇಕು, ಒತ್ತಡದ ಕೋಣೆಯಲ್ಲೇ ದಿನಗಟ್ಟಲೆ ವಾಸವಿರುವ ತಂಡ ಬೇಕು, ಅವರನ್ನು ಹೊತ್ತ ವಿಶೇಷ ಹಡಗು ಬೇಕು. ಮುಂಗಾರಿನ ಅಲೆಗೆ ಆ ಹಡಗು ನಿಂತಲ್ಲಿ ನಿಲ್ಲಲಾರದು.

ಇನ್ನು ಆಳ ಕಡಿಮೆ ಇರುವ ಕಡೆ ತಳಕ್ಕೆ ಒರಗಿ ಮಲಗಿದ ಹಡಗಿನ ವಿಚಾರ. ಇದನ್ನು ಉರುಳಿಸಿ ನಿಲ್ಲಿಸುವ ವಿಧಾನಕ್ಕೆ ಪಾರ್‌ಬಕ್ಲಿಂಗ್ ಎನ್ನುತ್ತಾರೆ. ಮಲೆನಾಡಿನ ನಾಟಾ ಡಿಪೋಗಳಲ್ಲಿ ಆನೆಯೂ ಕ್ರೇನೂ ಇಲ್ಲದ ಕಾಲದಲ್ಲಿ ಹಮಾಲರು ದಿಮ್ಮಿಯನ್ನು ಲಾರಿಗೆ ಏರಿಸುತ್ತಿದ್ದ ರೀತಿ ಇದೇ. ಹಗ್ಗದ ಒಂದು ತುದಿಯನ್ನು ಲಾರಿಗೆ ಕಟ್ಟಿ, ದಿಮ್ಮಿಯ ಅಡಿಯಿಂದ ಸುತ್ತಿ ತಂದು, ಇನ್ನೊಂದು ತುದಿಯನ್ನು ಮೇಲಿನಿಂದ ಎಳೆದರೆ ದಿಮ್ಮಿ ತನ್ನ ಮೇಲೇ ಉರುಳಿಕೊಂಡು ಓರೆ ಕಂಬದ ಮೇಲೆ ಹತ್ತುತ್ತದೆ. ನೇರವಾಗಿ ಎಳೆಯುವುದಕ್ಕಿಂತ ಅರ್ಧ ಬಲ ಸಾಕು. ಹಡಗಿನಲ್ಲೂ ತತ್ವ ಅದೇ, ಆದರೆ ಹಡಗು ಗುಂಡಗಿಲ್ಲ, ಒಳಗೆ ಟೊಳ್ಳು, ಎಲ್ಲ ಕಡೆಯಿಂದ ನೀರು ಒತ್ತಿ ಹಿಡಿದಿದ್ದಾಗ ಮಾತ್ರ ಗಟ್ಟಿ. ಒಂದೇ ಕಡೆ ಕೇಬಲ್ ಬಿಗಿದು ಎಳೆದರೆ ಹರಿದುಹೋಗುತ್ತದೆ.

ಪರ್ಲ್ ಹಾರ್ಬರಿನಲ್ಲಿ 1941ರ ಡಿಸೆಂಬರ್ 7ರ ದಾಳಿಗೆ ಮಗುಚಿದ ಯುಎಸ್‌ಎಸ್ ಓಕ್ಲಹಾಮಾ ಯುದ್ಧನೌಕೆಯ ಒಳಗೂ ಸುತ್ತಲೂ 429 ಜನ ಸತ್ತಿದ್ದರು. 1943ರ ಮಾರ್ಚ್‌ನಲ್ಲಿ ಅದನ್ನು ಎಬ್ಬಿಸಲು ಹೊರಟಾಗ ದಡದಲ್ಲಿ ಕೇಬಲ್ ಸುತ್ತಿ ಎಳೆಯುವ 21 ವಿಂಚು ಯಂತ್ರಗಳನ್ನು ಕಾಂಕ್ರೀಟಿನಲ್ಲಿ ಹೂತರು. ಹಡಗಿನ ಬೆನ್ನ ಮೇಲೆ 40 ಅಡಿ ಎತ್ತರದ ಮರದ ಚೌಕಟ್ಟುಗಳನ್ನು ನಿಲ್ಲಿಸಿ, ಕೇಬಲನ್ನು ಅವುಗಳ ಮೇಲಿಂದ ಹಾಯಿಸಿದರು, ಸನ್ನೆಗೋಲಿನ ಉದ್ದ ಹೆಚ್ಚಲಿ ಎಂದು. ನೆಟ್ಟಗಾಗಲು ಮೂರು ತಿಂಗಳು ಹಿಡಿಯಿತು.

ಎಪ್ಪತ್ತು ವರ್ಷದ ಮೇಲೆ ಇಟಲಿಯ ಜಿಲ್ಯೊ ದ್ವೀಪದಲ್ಲಿ ಅದೇ ತತ್ವ, ಬೇರೆ ಸಲಕರಣೆ. ಕೋಸ್ಟಾ ಕಾಂಕಾರ್ಡಿಯಾ ಪ್ರಯಾಣಿಕರ ಹಡಗು, ಸರಕಿನದ್ದಲ್ಲ. 2012ರ ಜನವರಿ 13ರಂದು ಬಂಡೆಗೆ ಬಡಿದು ಒರಗಿತು, 32 ಜನ ಸತ್ತರು. ಅದು ಮಲಗಿದ್ದದ್ದು ಇಳಿಜಾರಿನ ಕಲ್ಲಿನ ಮೇಲೆ. ಎಳೆದರೆ ಆಳಕ್ಕೆ ಜಾರುವ ಭಯ. ಹಾಗಾಗಿ ಮೊದಲು ನೀರಿನಡಿಯಲ್ಲಿ ಉಕ್ಕಿನ ವೇದಿಕೆ ಕಟ್ಟಿದರು, ಸಂದುಗಳಿಗೆ ಸಿಮೆಂಟ್ ಗಾರೆಯ ಚೀಲ ತುಂಬಿದರು. ಮೇಲಿದ್ದ ಪಕ್ಕಕ್ಕೆ ದೊಡ್ಡ ಉಕ್ಕಿನ ಪೆಟ್ಟಿಗೆಗಳನ್ನು ಬೆಸೆದರು. 2013ರ ಸೆಪ್ಟೆಂಬರ್ 16ರಂದು ಎಳೆತ ಶುರುವಾಯಿತು. ಸುಮಾರು 6,000 ಟನ್ ಬಲ ಬಿದ್ದ ಮೇಲೆ ಹಡಗು ಬಂಡೆ ಬಿಟ್ಟಿತು. ಒಂದು ಹಂತ ದಾಟಿದ ಮೇಲೆ ಕೇಬಲಿನ ಕೆಲಸ ಮುಗಿಯಿತು. ಪೆಟ್ಟಿಗೆಗಳಿಗೆ ತುಂಬಿದ ನೀರಿನ ಭಾರವೇ ಹಡಗನ್ನು ಮೆಲ್ಲಗೆ ಕೆಳಗಿಳಿಸಿ ವೇದಿಕೆಯ ಮೇಲೆ ಕೂರಿಸಿತು. 65 ಡಿಗ್ರಿ ತಿರುಗಲು ಸುಮಾರು 19 ಗಂಟೆ. ಮತ್ತೆ ತೇಲಿಸಿ ಜಿನೋವಾಕ್ಕೆ ಎಳೆದದ್ದು 2014ರ ಜುಲೈನಲ್ಲಿ. ತೆಗೆಯಲು ಆದ ಖರ್ಚು ಹಡಗು ಕಟ್ಟಿದ ಖರ್ಚನ್ನೂ ಮೀರಿತು.

ಈ ಯಾವುದೂ ಆಗದ ಕಡೆ ಕತ್ತರಿಸುವುದೊಂದೇ ದಾರಿ. ಗೋಲ್ಡನ್ ರೇಗೆ ಆದದ್ದು ಅದು. ಕಮಾನಿನ ಆಕಾರದ ವಿಬಿ 10000 ಎಂಬ ಕ್ರೇನ್ ಹಡಗಿನ ಮೇಲೆ ನಿಂತು, ಭಾರೀ ಸರಪಳಿಯನ್ನು ಗರಗಸದಂತೆ ಎಳೆದು ಎಂಟು ತುಂಡು ಮಾಡಿತು. 2020ರ ನವೆಂಬರ್‌ನಲ್ಲಿ ಆರಂಭವಾದ ಕತ್ತರಿಸಿ ಸಾಗಿಸುವ ಕೆಲಸ 2021ರ ಅಕ್ಟೋಬರ್‌ವರೆಗೆ ನಡೆಯಿತು, ನಡುವೆ ಒಮ್ಮೆ ಬೆಂಕಿಯೂ ಹೊತ್ತಿತು. ನೆನಪಿಡಿ, ಆ ಹಡಗು ಬಿದ್ದದ್ದು ತೆರೆದ ಸಮುದ್ರದಲ್ಲಲ್ಲ, ಅಲೆ ಕಡಿಮೆ ಇರುವ ಕೊಲ್ಲಿಯಲ್ಲಿ, ಜಗತ್ತಿನ ಅತಿ ಶ್ರೀಮಂತ ದೇಶದ ದಡದಲ್ಲಿ. ಆದರೂ ಎರಡು ವರ್ಷ.

ಈಗ ನಮ್ಮ ತೀರಕ್ಕೆ ಬರೋಣ. ಪಶ್ಚಿಮ ಕರಾವಳಿಯ ದೊಡ್ಡ ಅವಘಡಗಳನ್ನು ಸಾಲಾಗಿ ಇಟ್ಟು ನೋಡಿ. ಕಾರವಾರದ ಆಯ್ಸ್ಟರ್ ರಾಕ್ ಬಳಿ ಓಷನ್ ಸೆರಾಯಾ ನೆಲಕಚ್ಚಿ ಎಣ್ಣೆ ಚೆಲ್ಲಿದ್ದು 2006ರ ಮೇ 30. ಮುಂಬೈ ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಪಕ್ಕಕ್ಕೆ ಒರಗಿದ್ದು 2010ರ ಆಗಸ್ಟ್ 7, ತೇಲಿದ ಕಂಟೈನರುಗಳಿಂದ ಬಂದರೇ ಕೆಲವು ದಿನ ಮುಚ್ಚಿತು. ಜುಹೂ ಕಡಲತೀರಕ್ಕೆ ಪವಿತ್ ಎಂಬ ನಿರ್ಜನ ಹಡಗು ತೇಲಿ ಬಂದು ನಿಂತದ್ದು 2011ರ ಜುಲೈ 31. ಎಲ್ಸಾ ಮೇ 25. ಬಹುಪಾಲು ಮುಂಗಾರಿನ ಒಳಗೆ, ಉಳಿದವು ಅದರ ಹೊಸ್ತಿಲಲ್ಲಿ. ಹಡಗು ಮಗುಚುವ ಕಾಲ, ರಕ್ಷಣೆಗೆ ಹೋಗಲಾರದ ಕಾಲ ಎರಡೂ ಒಂದೇ. ಬೇರೆ ಕಡೆಯಿಂದ ಕ್ರೇನ್ ತರಿಸಿದರೂ ಅದು ಸೆಪ್ಟೆಂಬರ್ ಮುಗಿಯುವ ತನಕ ಬಂದರಿನಲ್ಲೇ ಕೂರಬೇಕು. ಅಷ್ಟರಲ್ಲಿ ಹಡಗಿನ ಉಕ್ಕು ಅಲೆಗೆ ಸಿಕ್ಕಿ ಬಿರಿಯುತ್ತದೆ, ಮರಳು ಮುಚ್ಚುತ್ತದೆ.

ಕಳೆದುಹೋದ ಸರಕಿಗೆ ಮಾತ್ರ ಮಳೆಗಾಲದ ಅಡ್ಡಿಯಿಲ್ಲ. ಎಲ್ಸಾದಲ್ಲಿ 12 ಕಂಟೈನರ್ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಕಳ್ಳತನದಲ್ಲಿ ಮಾವು ಹಣ್ಣಾಗಿಸಲು ಬಳಸುತ್ತಾರಲ್ಲ, ಅದೇ ವಸ್ತು. ನೀರು ತಾಗಿದರೆ ಅಸಿಟಲೀನ್ ಅನಿಲ ಏಳುತ್ತದೆ, ಕಿಡಿ ಬಿದ್ದರೆ ಸ್ಫೋಟ. ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನ ಮೇಲೆ ಬಂದು ಬಿದ್ದವು. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿಯವರು, ಅದೂ ದಡದ ಹತ್ತಿರದಲ್ಲಿ. ಎಣ್ಣೆ, ಪ್ಲಾಸ್ಟಿಕ್ ಬರುವುದೂ ದಡಕ್ಕೇ. ಅಂದರೆ ಮೊದಲ ಪೆಟ್ಟು ಬೀಳುವುದು ಅತಿ ಕಡಿಮೆ ಉಳಿತಾಯ ಇರುವವರ ಮೇಲೆ.

ದುಡ್ಡಿನ ಲೆಕ್ಕವೂ ಹಡಗು ಉಳಿಸುವ ಕೆಲಸಕ್ಕೆ ಪೂರಕವಾಗಿಲ್ಲ. ಸಾಲ್ವೇಜ್ ಉದ್ಯಮದ ಹಳೆಯ ಒಪ್ಪಂದದ ಪ್ರಕಾರ ಹಡಗು, ಸರಕು ಉಳಿದರೆ ಮಾತ್ರ ಸಂಭಾವನೆ. 1997ರಲ್ಲಿ ಕಟ್ಟಿದ ಎಲ್ಸಾದಂಥ ಹಳೆಯ ಹಡಗನ್ನು ಉಳಿಸಿದರೂ ಸಿಗುವುದು ಗುಜರಿ ಬೆಲೆ. 1978ರಲ್ಲಿ ಫ್ರಾನ್ಸಿನ ತೀರದಲ್ಲಿ ಅಮೊಕೊ ಕಾಡಿಜ್ ಟ್ಯಾಂಕರ್ ಒಡೆದು ಕಚ್ಚಾ ತೈಲ ಹರಿದ ಮೇಲೆ, ಪರಿಸರ ಉಳಿಸಲು ಪಟ್ಟ ಶ್ರಮಕ್ಕೂ ಹಣ ಕೊಡಬೇಕೆಂಬ ನಿಯಮ 1989ರ ಸಾಲ್ವೇಜ್ ಒಪ್ಪಂದದಲ್ಲಿ ಬಂತು. ಅವಶೇಷ ತೆಗೆಯುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವ ನೈರೋಬಿ ಒಪ್ಪಂದ 2007ರಲ್ಲಿ ರೂಪುಗೊಂಡು 2015ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಭಾರತವೂ ಅದರಲ್ಲಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ಹಡಗು ಕಾಯ್ದೆ ತಂದಿತು. ಕಾನೂನು ಈಗ ತಕ್ಕಮಟ್ಟಿಗೆ ಗಟ್ಟಿ. ಆದರೆ ಕಾನೂನು ಹಡಗು ಮುಳುಗಿದ ಮೇಲಿನ ಮಾತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಗಿ, ಅದೇ ಸಮೂಹದ ಇನ್ನೊಂದು ಹಡಗನ್ನು ತಡೆಹಿಡಿಸಿತು. ಕೋರ್ಟು 2025ರಲ್ಲಿ ಮಧ್ಯಂತರವಾಗಿ ನಿಗದಿ ಮಾಡಿದ ಭದ್ರತೆ ಸುಮಾರು 1,227 ಕೋಟಿ. ಕೇರಳ ಇಷ್ಟು ಬೇಗ ಕೋರ್ಟಿಗೆ ಹೋದದ್ದು ಸರಿಯಾದ ಕೆಲಸ. ಆದರೂ ಯಾವ ತೀರ್ಪೂ ಪ್ಲಾಸ್ಟಿಕ್ ಕಾಳನ್ನು ಮರಳಿನಿಂದ ಹೆಕ್ಕಿ ಕೊಡುವುದಿಲ್ಲ.

ಹೋದ ಒಂದು ದಿನವನ್ನು ಹಿಡಿಯಬಲ್ಲದ್ದು ಯಾವುದು ಎಂಬುದಕ್ಕೆ ಎಲ್ಸಾ ಮುಳುಗಿ ಎರಡು ವಾರಕ್ಕೇ ಉತ್ತರ ಸಿಕ್ಕಿತು. ಜೂನ್ 9ರಂದು ಕೇರಳದ ಉತ್ತರ ತೀರದಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. 22 ಜನರಲ್ಲಿ 18 ಮಂದಿಯನ್ನು ಪಾರು ಮಾಡಿ ಮಂಗಳೂರಿಗೆ ತಂದರು, ನಾಲ್ವರು ಸಿಗಲಿಲ್ಲ. ಆ ಮಳೆಗಾಳಿಯಲ್ಲೂ ಹೆಲಿಕಾಪ್ಟರಿನಿಂದ ಉರಿಯುವ ಹಡಗಿಗೆ ಇಳಿದ ಸಿಬ್ಬಂದಿ ಎಳೆಹಗ್ಗ ಕಟ್ಟಿದರು, ಟಗ್ಗುಗಳು ಅದನ್ನು ದಡದಿಂದ ದೂರಕ್ಕೆ ಎಳೆದವು. ಆ ಹಗ್ಗ ಇಲ್ಲದಿದ್ದರೆ ಹಡಗು ಅಲೆಗಾಳಿಯ ಪಾಲಾಗಿ ದಡದ ಕಡೆಗೇ ತೇಲಿ ಬರುತ್ತಿತ್ತು. ಅವರ ಧೈರ್ಯಕ್ಕೆ ನಮಸ್ಕಾರ. ಆದರೆ ಪ್ರತಿ ಸಲ ಧೈರ್ಯವನ್ನೇ ನಂಬಿ ಕೂರುವುದು ಆಡಳಿತವಲ್ಲ.

ಅಂಕೋಲಾದ ಕೇಣಿಯಲ್ಲಿ, ಶರಾವತಿ ಕಡಲು ಸೇರುವ ಹೊನ್ನಾವರದ ಕಾಸರಕೋಡಿನಲ್ಲಿ ಹೊಸ ಖಾಸಗಿ ಬಂದರುಗಳ ಪ್ರಸ್ತಾಪವಿದೆ. ಮೀನುಗಾರರು ಎರಡೂ ಕಡೆ ವಿರೋಧಿಸಿದ್ದಾರೆ, ಮನೆ ಮತ್ತು ದಡ ಕಳೆದುಕೊಳ್ಳುವ ಭಯದಿಂದ. ಆ ವಾದದ ಜೊತೆಗೆ ಇನ್ನಷ್ಟು ಪ್ರಶ್ನೆಗಳು ಸೇರಬೇಕು, ಘಟ್ಟದ ಮೇಲಿನವರೂ ದನಿಗೂಡಿಸಬೇಕು. ಇಲ್ಲಿಂದ ಹತ್ತು ಮೈಲಿ ಆಚೆ ಹಡಗೊಂದು ವಾಲಿದರೆ ಮೊದಲ ಟಗ್ಗು ಎಲ್ಲಿಂದ ಹೊರಡುತ್ತದೆ, ಜುಲೈ ತಿಂಗಳ ಅಲೆಯಲ್ಲಿ ಎಷ್ಟು ಗಂಟೆಗೆ ತಲುಪುತ್ತದೆ, ಎಷ್ಟು ಟನ್ ಎಳೆಯಬಲ್ಲದು? ಸಾಗಿಸಬಲ್ಲ ದೊಡ್ಡ ಪಂಪುಗಳು, ಎಣ್ಣೆ ತಡೆಯುವ ತೇಲುಬೇಲಿ ಯಾವ ಗೋದಾಮಿನಲ್ಲಿವೆ? ಬಂದರಿಗೆ ಬರುವ ಪ್ರತಿ ಹಡಗಿನ ಸರಕು ಪಟ್ಟಿ, ಟ್ಯಾಂಕಿನ ನಕ್ಷೆ ಅವಘಡ ನಡೆದ ಗಂಟೆಯಲ್ಲೇ ಸಾಲ್ವೇಜ್ ತಂಡದ ಕೈಗೆ ಸಿಗುತ್ತದೆಯೇ? ಮಳೆಗಾಲದಲ್ಲಿ ತುರ್ತು ಎಳೆಹಡಗುಗಳನ್ನು ಪಶ್ಚಿಮ ತೀರದಲ್ಲಿ ನಿಲ್ಲಿಸುವ ಪದ್ಧತಿ ಕೇಂದ್ರ ಹಡಗು ಮಹಾನಿರ್ದೇಶನಾಲಯಕ್ಕೆ ಹೊಸತಲ್ಲ. ಹೊಸ ಬಂದರಿಗೆ ಪರವಾನಗಿ ಕೊಡುವಾಗ ಅಂಥ ಒಂದು ಹಡಗು ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಕಾರವಾರ–ಮಂಗಳೂರಿನ ನಡುವೆಯೇ ಲಂಗರು ಹಾಕಿರಬೇಕು, ಖರ್ಚು ಬಂದರಿನವರದ್ದು ಎಂದು ಷರತ್ತು ಬರೆಯಲು ರಾಜ್ಯ ಸರ್ಕಾರಕ್ಕೆ ಯಾವ ಅಡ್ಡಿಯೂ ಇರಬಾರದು. ಅಹವಾಲು ಸಭೆಯಲ್ಲಿ ಈ ಪ್ರಶ್ನೆ ಕೇಳಿ, ಲಿಖಿತ ಉತ್ತರ ಪಡೆದು, ಅದನ್ನು ಪರವಾನಗಿ ಪತ್ರದೊಳಗೆ ಸೇರಿಸುವ ತನಕ ಪಟ್ಟು ಬಿಡಬಾರದು.